ಎರಡು ಕಾಲೇಜು, ಒಂದೇ ಬೈಂಡು

ಬಿಡಿ ಹಾಳೆ ಕಂಡರೆ ಬೈಂಡರನ ಕೈ ಸುಮ್ಮನಿರುವುದಿಲ್ಲ. ಮೂವತ್ತು ವರ್ಷ ಅಂಟು, ದಾರ, ದಬ್ಬಳದ ಜೊತೆ ಬಾಳಿದ ಮನುಷ್ಯ. ಡಾಕ್ಟರ ಔಷಧಿ ಚೀಟಿಗಳಿಗೂ ರಟ್ಟು ಹಾಕಿಟ್ಟವನು. ಹಾಗಾಗಿ ಮಗಳಿಗೆ ಸೀಟು ಕೊಟ್ಟ ಎರಡು ಲಿಬರಲ್ ಆರ್ಟ್ಸ್ ಕಾಲೇಜುಗಳ ಪರಿಚಯ ಪುಸ್ತಿಕೆಗಳು ಕೈಗೆ ಸಿಕ್ಕಾಗ ತನ್ನ ಬುದ್ಧಿವಂತಿಕೆ ತೋರಿಸಿಯೇಬಿಟ್ಟ. ಹೋಲಿಸಿ ನೋಡಲು ಸಲೀಸಾಗಲಿ ಎಂದು ಎರಡರ ಹೊದಿಕೆಯನ್ನೂ ಕಿತ್ತು, ಹಾಸ್ಟೆಲಿನ ಪಕ್ಕ ಹಾಸ್ಟೆಲು, ಅರ್ಥಶಾಸ್ತ್ರದ ಪಕ್ಕ ಅರ್ಥಶಾಸ್ತ್ರ ಬರುವಂತೆ ಜೋಡಿಸಿ ಒಂದೇ ಪುಸ್ತಕ ಹೊಲಿದ. ಅಳತೆ ಸರಿಹೋಗಲೆಂದು ಮೇಲಂಚನ್ನು ಕಟಿಂಗ್ ಮೆಷಿನ್ನಿಗೆ ಕೊಟ್ಟ. ಕಾಲೇಜಿನ ಹೆಸರು ಇದ್ದದ್ದು ಆ ಮೇಲಂಚಿನಲ್ಲೇ.

"ಅಪ್ಪಾ, ಇದರಲ್ಲಿ ಯಾವುದು ಯಾವ ಕಾಲೇಜು?" ಮಗಳು ಬೆಳಿಗ್ಗೆ ಅಂಗಡಿಗೆ ಬಂದು ಕೇಳಿದಳು.

"ನಿಮ್ಮಪ್ಪನ ಕೈಗೆ ಸಿಕ್ಕಿದ್ದು ಯಾವುದು ನೆಟ್ಟಗೆ ಉಳಿದಿದೆ ಹೇಳು," ಎಂದು ಹೆಂಡತಿ ಹಾಳೆ ಮಡಿಸುತ್ತಲೇ ನಕ್ಕಳು.

"ಕಾಗದ ಮುಟ್ಟಿದ್ರೆ ನಾನು ಹೇಳ್ತೀನಿ. ಎರಡೂ ಬೇರೆ ಬೇರೆ ಕಾಗದ," ಎಂದ ಬೈಂಡರ್. ಉಳಿದವರ ಬೆರಳಿಗೆ ಎರಡೂ ಒಂದೇ.

ಮಗಳು ಸ್ವಲ್ಪ ಯೋಚಿಸಿದಳು. "ಈಗ್ಲೇ ಹೇಳ್ಬೇಡ. ಹೆಸರು ಗೊತ್ತಾದ್ರೆ ಅದೇ ತಲೆಯಲ್ಲಿ ಕೂತ್ಕೊಳ್ಳುತ್ತೆ. ಹಿಂಗೇ ಓದ್ತೀನಿ." ಪೆನ್ಸಿಲ್ ಹಿಡಿದು ಕಾಗದದ ಕಟ್ಟುಗಳ ಮೇಲೆ ಕೂತಳು. ಸಂಜೆ ಐದರೊಳಗೆ ಒಂದು ಕಾಲೇಜಿಗೆ ಒಪ್ಪಿಗೆ ಕಳಿಸಬೇಕಿತ್ತು; ಕಳಿಸಿದರೆ ಇನ್ನೊಂದರ ಸೀಟು ಹೋದಂತೆಯೇ.

ಅಪ್ಪನ ಮನಸ್ಸಿನಲ್ಲಿ ಮಾತ್ರ ತೀರ್ಮಾನ ಎಂದೋ ಆಗಿಹೋಗಿತ್ತು. ಒಂದು ಕಾಲೇಜು ಬಸ್ಸಿನಲ್ಲಿ ಒಂದೂವರೆ ಗಂಟೆ. ಶನಿವಾರ ಸಂಜೆ ಹೊರಟರೂ ಊಟದ ಹೊತ್ತಿಗೆ ಮನೆಯಲ್ಲಿ. ಇನ್ನೊಂದು ರೈಲಿನಲ್ಲಿ ಎರಡು ದಿನದ ದಾರಿ. ಅವಳ ವಟವಟ ಇಲ್ಲದ ಅಂಗಡಿಯನ್ನು ನೆನೆಸಿಕೊಳ್ಳುವುದೂ ಅವನಿಗೆ ಬೇಡವಾಗಿತ್ತು. ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೆ.

ನಾಲ್ಕೂವರೆಗೆ ಅವಳು ಒಂದು ಪುಟ ತೆರೆದು ತಂದಳು.

"ಇದು ನೋಡಪ್ಪ. ಅರ್ಥಶಾಸ್ತ್ರದ ಜೊತೆ ಚರಿತ್ರೆನೂ ಗಣಿತನೂ ಓದಿಸ್ತಾರಂತೆ. ಎರಡನೇ ವರ್ಷ ಒಂದು ಬೀದಿ ಆರಿಸ್ಕೊಂಡು, ಅಲ್ಲಿ ದುಡಿಯೋರ ಜೊತೆ ಕೂತು, ಅವರ ಕೆಲಸ ಹೇಗೆ ನಡೆಯುತ್ತೆ ಅಂತ ಬರೀಬೇಕಂತೆ. ಕ್ಲಾಸಲ್ಲಿ ಹದಿನೈದೇ ಜನ. ಇನ್ನೊಂದ್ರಲ್ಲಿ ಬರೀ ಕಟ್ಟಡದ ಫೋಟೋ. ನಂಗೆ ಇದೇ ಬೇಕು. ಇದು ಯಾವುದು?"

ಬೈಂಡರ್ ಕೈ ಒರೆಸಿಕೊಂಡು ಹಾಳೆಯನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದ. ಹಿಡಿದ ಕ್ಷಣವೇ ಗೊತ್ತಾಯಿತು. ಆದರೂ ಇನ್ನೊಂದು ಸಲ ಉಜ್ಜಿದ, ಮತ್ತೂ ಒಂದು ಸಲ. ಹೆಂಡತಿ ಮಡಿಸುವುದನ್ನು ನಿಲ್ಲಿಸಿ ಅವನ ಮುಖವನ್ನೇ ನೋಡುತ್ತಿದ್ದಳು. ಒಂದು ಸುಳ್ಳು ನಾಲಿಗೆಯ ತುದಿಗೆ ಬಂದು ಕೂತಿತ್ತು.

"ದೂರದ್ದು," ಎಂದ.

"ಖಾತ್ರಿನಾ?"

"ಖಾತ್ರಿ. ಬೇಗ ಕಳಿಸು, ಐದಾಗುತ್ತೆ."

ಅವಳು ಅಲ್ಲೇ ನಿಂತು ಫೋನಿನಲ್ಲಿ ಒಪ್ಪಿಗೆ ಕಳಿಸಿದಳು. ಆಮೇಲೆ ಬಂದು ಅವನ ಪಕ್ಕದಲ್ಲಿ ಕೂತಳು.

"ನೀನು ಹತ್ತಿರದ್ದು ಅಂತೀಯ ಅಂದ್ಕೊಂಡಿದ್ದೆ."

"ಅಂದಿದ್ರೆ?"

"ಅದು ಸುಳ್ಳು ಅಂತ ಗೊತ್ತಾದ್ರೂ ಹತ್ತಿರದ್ದಕ್ಕೇ ಹೋಗ್ತಿದ್ದೆ, ಅಪ್ಪ."