ಪರ್ಸಿಯ ಅನುಮೋದನೆ

ಹತ್ತೊಂಬತ್ತು ವರ್ಷದಿಂದ ನಮ್ಮ ಚಿಪ್ಸ್ ಕಂಪನಿಯ ಬೋರ್ಡ್ ಮೀಟಿಂಗಿನ ನಡಾವಳಿ ಬರೆಯುವವಳು ನಾನು, ಲೊರೆಟ್ಟಾ. ಪ್ರತಿ ವಸಂತಕ್ಕೂ ಅದೇ ಸಾಲು: ಆಲೂಗಡ್ಡೆ ತೊಳೆದ ನೀರನ್ನು ಹೊಳೆಗೆ ಬಿಡುವುದನ್ನು ಮುಂದುವರಿಸಲಾಗಿದೆ. ಆ ಹೊಳೆ ಹರಿಯುವುದು ನನ್ನ ಹಿತ್ತಿಲಲ್ಲೇ. ಏಪ್ರಿಲ್‌ನಲ್ಲಿ ಬುಟ್ಟಿಗಟ್ಟಲೆ ಸಿಗುತ್ತಿದ್ದ ಸ್ಮೆಲ್ಟ್ ಮೀನು ಈಗ ಹುಡುಕಿದರೂ ಇಲ್ಲ. ಆದರೂ ಆ ಸಾಲನ್ನು ಬರೆಯಬೇಕಾದವಳು ನಾನೇ.

ಬೋರ್ಡಿನ ಮೂವರಿಗೂ ಒಂದೇ ಶಾಲೆ, ಒಂದೇ ಚರ್ಚು, ಒಂದೇ ಗಾಲ್ಫ್ ಮೈದಾನ. ಎಲ್ಲ ವಿಷಯವನ್ನೂ ಒಂದೇ ಕಟ್ಟು ಮಾಡಿ ಒಂದೇ ಉಸಿರಿಗೆ ಪಾಸು ಮಾಡುತ್ತಾರೆ. ಡಗ್ಲಸ್ ಸೂಚಿಸುತ್ತಾನೆ, ಎಂಬತ್ತೊಂದರ ಪರ್ಸಿ ಕಣ್ಣು ಮುಚ್ಚಿಕೊಂಡೇ ಅನುಮೋದಿಸುತ್ತಾನೆ, ಆಮೇಲೆ ಎಲ್ಲರದೂ ಕೋಲೆ ಬಸವನ ತಲೆ.

ಈ ಸಲ ನಾಲ್ಕನೆಯವಳೊಬ್ಬಳು ಬಂದಿದ್ದಳು. ಡೀಲಿಯಾ ಸೊಕಬೇಸಿನ್, ಈ ನೆಲದ ಮೂಲನಿವಾಸಿಗಳಾದ ಪಾಸಮಾಕ್ವಾಡಿ ಜನದವಳು, ಹೊಳೆಯಲ್ಲಿ ಮೀನು ಎಣಿಸುವುದೇ ಅವಳ ಕಸುಬು. ವಾರ್ಷಿಕ ವರದಿಯಲ್ಲಿ ಫೋಟೋ ಚೆನ್ನಾಗಿ ಬರಲಿ ಅಂತ ಅವಳನ್ನೂ ಬೋರ್ಡಿನ ಸದಸ್ಯೆ ಮಾಡಿಕೊಂಡಿದ್ದರು.

"ಬೇಗ ಮುಗಿಸ್ರಪ್ಪಾ, ಒಂದು ಗಂಟೆಗೆ ಆಟ ಇದೆ," ಎಂದ ಅಧ್ಯಕ್ಷ ವಿನ್‌ಸ್ಲೋ.

"ಏಳನೇ ವಿಷಯ ಕಟ್ಟಿಂದ ಆಚೆ ತೆಗೀರಿ," ಎಂದಳು ಡೀಲಿಯಾ. "ನೀರು ಶುದ್ಧ ಮಾಡೋ ಕೊಳ ಕಟ್ಟೋವರ್ಗೂ ಹೊಳೆಗೆ ಒಂದು ತೊಟ್ಟೂ ಬಿಡಬಾರದು ಅಂತ ನನ್ನ ಸೂಚನೆ."

ನನ್ನ ಪೆನ್ನು ನಿಂತಿತು. ಅನುಮೋದಿಸುವವರಿಲ್ಲದಿದ್ದರೆ ಸೂಚನೆ ಅಲ್ಲೇ ಸಾಯುತ್ತದೆ.

"ಅನುಮೋದನೆ," ಎಂದ ಪರ್ಸಿ, ಕಣ್ಣು ಮುಚ್ಚಿಕೊಂಡೇ.

"ಒಪ್ಪೋರು?" ಗಡಿಯಾರ ನೋಡುತ್ತಲೇ ವಿನ್‌ಸ್ಲೋ ಕೇಳಿದ. ನಾಲ್ಕೂ ಕೈ ಮೇಲೆದ್ದವು, ಅವನದೂ ಸೇರಿ. ನಗು ತಡೆಯಲಾರದೆ ತುಟಿ ಕಚ್ಚಿಕೊಂಡು "ಸರ್ವಾನುಮತ" ಎಂದು ಬರೆದು ಗಟ್ಟಿಯಾಗಿ ಓದಿದೆ.

ವಿನ್‌ಸ್ಲೋ ಮುಖ ಬೀಟ್‌ರೂಟಾಯಿತು. "ಲೊರೆಟ್ಟಾ, ಹೊಡೆದ್ಹಾಕು ಅದನ್ನ."

"ಅದಕ್ಕೂ ಸೂಚನೆ ಬೇಕು, ಅನುಮೋದನೆ ಬೇಕು. ಅಧ್ಯಕ್ಷರು ಎರಡರಲ್ಲಿ ಯಾವುದನ್ನೂ ಮಾಡೋ ಹಾಗಿಲ್ಲ," ಎಂದೆ. ನಡಾವಳಿ ಓದುವುದು ಬಿಟ್ಟರೆ ಆ ಕೋಣೆಯಲ್ಲಿ ಅದು ನನ್ನ ಮೊದಲ ಮಾತು. ಕೆಲಸ ಹೋದರೂ ಹೋಗಲಿ ಅನ್ನುವಷ್ಟು ಖುಷಿಯಾಗಿತ್ತು.

"ವಾಪಸ್ ತಗೋಬೇಕು ಅಂತ ನನ್ನ ಸೂಚನೆ," ಎಂದ ಡಗ್ಲಸ್. ಎಲ್ಲರೂ ಪರ್ಸಿಯ ಕಡೆ ತಿರುಗಿದರು.

ಪರ್ಸಿ ಕಣ್ಣು ಬಿಟ್ಟ. "ಮೊದಲು ನಾನು ಯಾವುದಕ್ಕೆ ಹೂಂ ಅಂದೆ, ಅದು ಹೇಳಿ."

"ಹೊಳೆಗೆ ಕೊಳಕು ಬಿಡಬಾರದು ಅನ್ನೋದಕ್ಕೆ, ಅಜ್ಜಾ. ಈ ವರ್ಷ ಸೇತುವೆ ಕೆಳಗೆ ನಾನು ಎಣಿಸಿದ್ದು ಹನ್ನೊಂದು ಸ್ಮೆಲ್ಟು," ಎಂದಳು ಡೀಲಿಯಾ.

"ಹನ್ನೊಂದು ಬುಟ್ಟಿನಾ?"

"ಹನ್ನೊಂದು ಮೀನು."

ಪರ್ಸಿ ಅಧ್ಯಕ್ಷನ ಕಡೆ ತಿರುಗಿದ. "ಅಲ್ಲೇ ಬಲೆ ಹಾಕಿ ನಮ್ಮಮ್ಮಂಗೆ ತಂದುಕೊಡ್ತಿದ್ದೆ ಕಣಯ್ಯಾ ವಿನ್‌ಸ್ಲೋ. ಡಗ್ಲಸ್ ಸೂಚನೆಗೆ ನನ್ನ ಅನುಮೋದನೆ ಇಲ್ಲ." ಆಮೇಲೆ ನನ್ನ ಕಡೆ ಬಾಗಿದ. "ಲೊರೆಟ್ಟಾ, ಇದನ್ನ ಹೇಳುವಾಗ ಪರ್ಸಿ ಎಚ್ಚರವಾಗಿದ್ದ ಅಂತ ಬರ್ಕೋ."

ಬರೆದುಕೊಂಡೆ.