ಒಂದು ಸಾಲು ಕಲ್ಲು

ಕಲ್ಲಿಗೆ ಕೊಂಬು ಉಜ್ಜುವ ಸದ್ದು ಮಾವನ ಮನೆಯಲ್ಲಿ ಬೆಳಗಾಗುತ್ತಲೇ ಶುರುವಾಗುತ್ತಿತ್ತು. ಹಿತ್ತಲ ಕೊಟ್ಟಿಗೆಯಲ್ಲಿ, ಊರ ಎಮ್ಮೆಗಳಿಗೆ ಬಿಡುವ ಬೀಜದ ಕೋಣವೊಂದಿತ್ತು. ಅದರ ಬಲಕ್ಕಿದ್ದ ಗೋಡೆಯ ಮೇಲೆ ಬಾಗಿದ ಗೀರುಗಳು ಒಂದರ ಮೇಲೊಂದು ಬಿದ್ದಿದ್ದವು.

ಕೋಣ ಯಾರಿಗಾದರೂ ಹಾಯ್ದರೆ ಮಾವ ಆ ಗೋಡೆಗೆ ಒಳಗಿನಿಂದ ಇನ್ನೊಂದು ಸಾಲು ಕಲ್ಲು ಒತ್ತಿ ಕಟ್ಟುತ್ತಿದ್ದ. ಅದು ಅವನ ತಂದೆ ಕಲಿಸಿದ ವಿದ್ಯೆ. "ಜಾಗ ಇದ್ರೆ ಕೊಬ್ತದೆ. ಬಿಗಿ ಮಾಡ್ದಷ್ಟೂ ಸಾಧು ಆಯ್ತದೆ" ಎನ್ನುತ್ತಿದ್ದ. ಎಲ್ಲಿಯ ಸಾಧು? ಗೋಡೆ ಹತ್ತಿರವಾದಷ್ಟೂ ಅದು ಹೆಚ್ಚು ಹಾಯುತ್ತಿತ್ತು. ಕೊನೆಗೆ ತಿರುಗಲಾರದೆ, ಕಾಲು ಚಾಚಿ ಮಲಗಲಾರದೆ, ತನ್ನ ಸಗಣಿಯಲ್ಲೇ ನಿಂತು ಅದರ ಗೊರಸು ಕೊಳೆಯಿತು. ಎಮ್ಮೆ ಬಂದಾಗ ಕೋಣವನ್ನು ಹಿಮ್ಮುಖವಾಗಿಯೇ ಹೊರಗೆಳೆಯಬೇಕಿತ್ತು. ಮೂಗುದಾರ ಹಿಂದಕ್ಕೆ ಜಗ್ಗಿ, ಮಾವ ರಕ್ತ ಬರುವಂತೆ ಬಡಿಯುತ್ತಿದ್ದ. ಮಾವನೆಂದರೆ ನನಗೆ ಪ್ರಾಣ. ಆ ಹೊತ್ತಿನಲ್ಲಿ ಮಾತ್ರ ಅವನ ಮುಖ ನೋಡಲು ಹೇಸಿಗೆಯಾಗುತ್ತಿತ್ತು.

"ಗೋಡೆ ಕೆಡವ್ಸಿ. ಇಲ್ದಿದ್ರೆ ಒಂದಿನ ಅದು ನಿಮ್ಮನ್ನ ಉಳ್ಸಾಕಿಲ್ಲ" ಎಂದಳು ಅತ್ತೆ ದೇವೀರಿ.

ಮಾವ ನಕ್ಕುಬಿಟ್ಟ. ಅವನು ಹಿಡಿದ ಮೊಲಕ್ಕೆ ಮೂರೇ ಕಾಲು.

ಒಂದು ಮಧ್ಯಾಹ್ನ ಮತ್ತೊಂದು ಸಾಲು ಕಟ್ಟಲು ಅವನು ಕೋಣದ ಪಕ್ಕಕ್ಕೆ ನುಸುಳಿದ. ಉಜ್ಜುವ ಸದ್ದು ನಿಂತಿತು. ಆಮೇಲೆ ಕೂಗು ಕೇಳಿಸಿತು. ನಾನು ಓಡಿಹೋದಾಗ ಕೋಣ ಅವನನ್ನು ಗೋಡೆಗೆ ಒತ್ತಿ ಹಿಡಿದಿತ್ತು. ಮಾವ ಹೊಡೆಯಲು ದೊಣ್ಣೆ ಎತ್ತಹೋದ. ಎತ್ತುವಷ್ಟು ಜಾಗವಿಲ್ಲದೆ ಅದು ಕಲ್ಲಿಗೆ ಬಡಿದು ಕೆಳಗೆ ಬಿತ್ತು. ಕೊಂಬು ತೊಡೆಗೆ ಇಳಿಯಿತು, ಎದ್ದಿತು, ಮತ್ತೆ ಇಳಿಯಿತು. ಬಳಿಕ ಕೋಣ ಮೈಯ ಭಾರವನ್ನೆಲ್ಲ ಹಾಕಿ ಒತ್ತಿತು. ಬೆನ್ನುಮೂಳೆ ಮುರಿದದ್ದು ಬಾಗಿಲಲ್ಲಿದ್ದ ನನಗೂ ಕೇಳಿಸಿತು.

ಪಕ್ಕದ ಮನೆಯ ಚಲುವಯ್ಯ ಹೊರಗಿನಿಂದ ಹಾರೆ ಹಾಕಿ ಗೋಡೆ ಕೆಡವಿದ. ಅತ್ತೆಯೂ ನಾನೂ ಮಾವನನ್ನು ಎಳೆದುಕೊಂಡೆವು. ಗೋಡೆಯಿದ್ದ ಕಡೆ ಬಯಲು ಕಂಡದ್ದೇ ಕೋಣ ನಮ್ಮನ್ನು ಬಿಟ್ಟು, ಮೆಲ್ಲನೆ ಬಲಕ್ಕೆ ತಿರುಗತೊಡಗಿತು. ಕೊಂಬು ಗಾಳಿಯಲ್ಲಿ ಗೋಡೆಯ ಗೀರುಗಳಂತೆಯೇ ಬಾಗಿ ಸಾಗಿದ್ದನ್ನು ನೋಡಿದಾಗ ನನಗೆ ಅವು ಅರ್ಥವಾದವು. ಮೊದಮೊದಲು ಅದು ಯಾರಿಗೂ ಹಾಯ್ದಿರಲಿಲ್ಲ. ತಿರುಗಲು ನೋಡಿತ್ತು, ಅಡ್ಡ ಸಿಕ್ಕವರಿಗೆ ಕೊಂಬು ತಗುಲಿತ್ತು. ಹಾಯುವುದನ್ನು ಅದು ಆಮೇಲೆ ಕಲಿತದ್ದು.

ಚಲುವಯ್ಯ ಕೊಡಲಿ ಎತ್ತಿಕೊಂಡ.

"ತಡಿ ಚಲುವಯ್ಯ, ಅದು ತಿರುಗ್ತಾ ಐತೆ ಅಷ್ಟೆ" ಎಂದಳು ಅತ್ತೆ.

"ಹಾಯಾಕೇ ತಿರುಗ್ತಾ ಐತೆ ಕಣವ್ವ."

ಮೊದಲ ಏಟು ಕುತ್ತಿಗೆಗೆ ಬಿತ್ತು. ಕೋಣ ಮಂಡಿಯೂರಿತು, ಮತ್ತೆ ಎದ್ದು ಉಳಿದರ್ಧ ತಿರುಗಲು ನೋಡಿತು. ಅವನು ಅದು ಉರುಳುವವರೆಗೂ ಕಡಿದ. ಅತ್ತೆಯ ಸೀರೆಯ ಮೇಲೆ ಗಂಡನ ರಕ್ತ ಯಾವುದು, ಕೋಣದ್ದು ಯಾವುದು ಎಂದು ತಿಳಿಯುವಂತಿರಲಿಲ್ಲ.

ಮಾವ ಬದುಕಿಕೊಂಡ. ಆದರೆ ಸೊಂಟದ ಕೆಳಗೆ ಜೀವವಿರಲಿಲ್ಲ. ಒಂದೇ ಮಗ್ಗುಲಲ್ಲಿ ಮಲಗಿ ಮಲಗಿ ಮೈ ಹುಣ್ಣಾಗಿ, "ದೇವೀರಿ, ಒಸಿ ತಿರುಗ್ಸು" ಎಂದು ಕರೆಯುತ್ತಿದ್ದ. ಅವಳು ಎರಡೂ ಕಡೆಯಿಂದ ಕೈ ಕೊಡಲು ಬರಲೆಂದು ಮಂಚವನ್ನು ಗೋಡೆಯ ಬಳಿಯಿಂದ ನಡುಮನೆಯ ಮಧ್ಯಕ್ಕೆ ಎಳೆದು ಹಾಕಿದ್ದಳು.