ಅಭಿಪ್ರಾಯದ ಹಾಳೆ

ಹರಿದ ಪುಸ್ತಕವೊಂದರ ರಟ್ಟು ಸುಲಿಯುತ್ತಿದ್ದ ಅಪ್ಪನ ಕೈ ಅಲ್ಲೇ ನಿಂತಿದ್ದನ್ನು ಮೊದಲು ನೋಡಿದವಳು ಮಗಳು. ಇಪ್ಪತ್ತು ವರ್ಷದಿಂದ ಸಾವಿರಾರು ಪುಸ್ತಕ ಬೈಂಡ್ ಮಾಡಿದ್ದ ಆತ ಒಂದನ್ನೂ ಓದಿದವನಲ್ಲ. ಈಗ ಪುಸ್ತಕದ ಕೊನೆಯ ಹಾಳೆ ಓದುತ್ತಿದ್ದ, ತುಟಿ ಅಲ್ಲಾಡಿಸುತ್ತ, ಒಂದೊಂದೇ ಸಾಲು.

ಕಿಟಕಿಯ ಬಳಿ ಕೂತು ಪುಸ್ತಕಗಳ ಬೆನ್ನಿಗೆ ಅಂಟಿಸುವ ಪಟ್ಟಿಗಳನ್ನು ಬರೆಯುತ್ತಿದ್ದ ಅವಳಿಗೆ ಪುಸ್ತಕದ ಗುರುತು ಸಿಕ್ಕಿತು. ಆ ಪುಸ್ತಕ ಅವಳ ಶಾಲೆಯದು. ಶಾಲೆಯಿಂದ ಆಚೆ ಹಾಕಿಸಿಕೊಂಡ ನಾಲ್ಕು ಹುಡುಗರ ಕುರಿತ ಕಾದಂಬರಿ. ಒಂಬತ್ತನೇ ತರಗತಿಯವರೆಲ್ಲ ಕಿತ್ತಾಡಿಕೊಂಡು ಓದಿ ಅದರ ಬೆನ್ನು ಮುರಿದಿದ್ದರು. ಲೈಬ್ರರಿ ಮೇಡಂ ಪ್ರತಿ ಪುಸ್ತಕದ ಕೊನೆಗೂ ಗೆರೆ ಎಳೆದ ಒಂದು ಹಾಳೆ ಅಂಟಿಸುತ್ತಿದ್ದರು. ಅದರಲ್ಲಿ ಎರಡೇ ಕಾಲಂ: ತರಗತಿ, ಅಭಿಪ್ರಾಯ. ಮಕ್ಕಳು ಧೈರ್ಯವಾಗಿ ಬರೆಯಲಿ ಎಂದು ಹೆಸರಿಗೆ ಜಾಗ ಇಟ್ಟಿರಲಿಲ್ಲ. ಹೆಸರೇ ಇಲ್ಲದ ಮೇಲೆ ಯಾರಿಗೆ ಗೊತ್ತಾಗುತ್ತದೆ ಎಂದು ಅವಳೂ ಬರೆದಿದ್ದಳು. ಹರಿದ ಪುಸ್ತಕಗಳ ಕಟ್ಟು ತನ್ನ ಮನೆಗೇ ಬರಬಹುದು, ಅಪ್ಪ ದಿನವೂ ಅಂಟಿಸುವ ಪಟ್ಟಿಗಳ ಮೇಲಿರುವುದು ತನ್ನದೇ ಅಕ್ಷರ ಎಂಬುದು ಆ ಜಾಣೆಗೆ ಹೊಳೆದಿರಲಿಲ್ಲ.

"ಯಾರ ಅಕ್ಷರವೇ ಇದು?" ಅಪ್ಪ ಕೇಳಿದ. ದನಿ ಮೆತ್ತಗಿತ್ತು. ಆ ಮನೆಯಲ್ಲಿ ಹೆದರಬೇಕಾದದ್ದು ಮೆತ್ತಗಿನ ದನಿಗೇ.

ಅವಳು ಬರೆಯುತ್ತಿದ್ದ ಪಟ್ಟಿಯನ್ನು ಕೈಯಿಂದ ಮುಚ್ಚಿದಳು.

"ಬಾ, ನೀನೇ ಓದು. ನಿಮ್ಮಮ್ಮನೂ ಕೇಳಲಿ."

ಗೋಡೆಗೊರಗಿ, ಮಡಚಿದ ಹಾಳೆಗಳ ಫಾರಂಗಳನ್ನು ದಬ್ಬಳದಿಂದ ಹೊಲಿಯುತ್ತಿದ್ದ ಅಮ್ಮ ತಲೆಯೆತ್ತಿದಳು. ಮಗಳು ಓದಿದಳು. ಒಂದು ಪದವನ್ನೂ ಬಿಡಲಿಲ್ಲ.

"ಈ ಕಾದಂಬರಿಯ ಹುಡುಗರು ಚೆನ್ನಾಗಿ ಮಾತಾಡುತ್ತಾರೆ, ನಗಿಸುತ್ತಾರೆ. ಆದರೆ ಬರೆದವರಿಗೆ ಹೊಡೆತದ ವಿಷಯ ಗೊತ್ತಿಲ್ಲ. ಇದರಲ್ಲಿ ಅಪ್ಪ ಮಗನ ಕೆನ್ನೆಗೆ ಹೊಡೆಯುತ್ತಾನೆ. ಗೊತ್ತಿರುವವರು ಕೆನ್ನೆಗೆ ಹೊಡೆಯುವುದಿಲ್ಲ, ಶಾಲೆಯಲ್ಲಿ ಕಾಣುತ್ತದೆ. ಹೊಡೆಯುವ ಮುಂಚೆ ರೇಡಿಯೋ ಜೋರು ಮಾಡುತ್ತಾರೆ. ಆಗ ಅಮ್ಮ ಅಡುಗೆಮನೆಗೆ ಹೋಗಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಾಳೆ. ಕೊನೆಗೆ ರೈಲು ನಿಲ್ದಾಣದಲ್ಲಿ ಅಪ್ಪ ಅಳುತ್ತಾನೆ, ಮಗ ಅಪ್ಪಿಕೊಳ್ಳುತ್ತಾನೆ. ಆ ಪುಟ ನನಗೆ ಇಷ್ಟವಾಗಲಿಲ್ಲ. ನಾನಾಗಿದ್ದರೆ ರೈಲು ಹತ್ತುತ್ತಿದ್ದೆ."

ಅಮ್ಮ ತಲೆ ತಗ್ಗಿಸಿದಳು.

ಬೈಂಡರನ ಕೈ ಬಲು ನಾಜೂಕು ಎಂದು ಊರೆಲ್ಲ ಹೊಗಳುತ್ತಿತ್ತು. ನಾಜೂಕೇನೋ ಹೌದು, ಪುಸ್ತಕಗಳ ಪಾಲಿಗೆ. ಆತ ಹೊಸ ಹಾಳೆಯೊಂದಕ್ಕೆ ಅಚ್ಚುಕಟ್ಟಾಗಿ ಗೆರೆ ಎಳೆದು ಮಗಳ ಮುಂದಿಟ್ಟ.

"ಬರಿ. ಕಾದಂಬರಿ ತುಂಬಾ ಚೆನ್ನಾಗಿದೆ. ಕೊನೇ ಪುಟ ಓದಿ ಅಳು ಬಂತು. ಬರಿಯೇ."

ಮಗಳು ಪೆನ್ನು ಹಿಡಿದಳು. ಮತ್ತೆ ಕೆಳಗಿಟ್ಟಳು.

"ಅಳು ಬರ್ಲಿಲ್ಲಪ್ಪ."

ಅಪ್ಪ ಎದ್ದು ರೇಡಿಯೋ ಜೋರು ಮಾಡಿದ. ತರಕಾರಿ ಬಾಡದಂತೆ ಇಡುವುದು ಹೇಗೆಂದು ಯಾರೋ ನಗುನಗುತ್ತ ಹೇಳುತ್ತಿದ್ದರು. ಮೊದಲ ಏಟು ಬೆನ್ನಿಗೆ ಬಿತ್ತು. ಎರಡನೆಯದು ಒದೆ, ಪಕ್ಕೆಗೆ. ಅವಳು ಕಾಗದದ ಕಟ್ಟುಗಳ ಮೇಲೆ ಉರುಳಿದಳು. ಅಮ್ಮ ಎದ್ದು ದಬ್ಬಳವನ್ನು ತೋಳಿನ ಬಟ್ಟೆಗೆ ಸಿಕ್ಕಿಸಿಕೊಂಡಳು. ಕಾಲುಗಳು ತಾವಾಗಿಯೇ ಅಡುಗೆಮನೆಗೆ ನಡೆದವು. ನಲ್ಲಿ ಬಿಟ್ಟಳು. ಕೈಗೆ ಬಂದ ತಟ್ಟೆ ಥಳಥಳ ಹೊಳೆಯುತ್ತಿತ್ತು. ಅದನ್ನು ನೋಡಿ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಅಷ್ಟರಲ್ಲಿ ಹೊರಗೆ, ರಟ್ಟು ಹಾಕಿದ ಪುಸ್ತಕಗಳನ್ನು ಒತ್ತಿಡುವ ಪ್ರೆಸ್ಸಿನ ಚಕ್ರ ಕಿರುಗುಟ್ಟಿತು. ಇವತ್ತಿನ ಪುಸ್ತಕಗಳೆಲ್ಲ ಅವಳ ಹೊಲಿಗೆಯಲ್ಲೇ ಇದ್ದವು. ಒತ್ತುವುದಕ್ಕೆ ಒಂದೂ ತಯಾರಿರಲಿಲ್ಲ.

ತಟ್ಟೆ ಬಿಸಾಡಿ ಓಡಿ ಬಂದಳು. ಮಗಳ ಬಲಗೈ ಕಬ್ಬಿಣದ ಎರಡು ಹಲಗೆಗಳ ನಡುವೆ ಇತ್ತು. ಆತ ಒಂದು ಕೈಯಲ್ಲಿ ಅವಳ ಜಡೆ ಹಿಡಿದು, ಇನ್ನೊಂದರಲ್ಲಿ ಚಕ್ರ ತಿರುಗಿಸುತ್ತಿದ್ದ. "ಬರೀತೀಯೋ ಇಲ್ವೋ? ಬರೀತೀಯೋ ಇಲ್ವೋ?" ಹುಡುಗಿಯ ಕಿರುಚಾಟ ರೇಡಿಯೋದ ನಗುವಿನಲ್ಲಿ ಮುಳುಗಿಹೋಗಿತ್ತು.

"ಬಿಡ್ರೀ ಅವಳನ್ನ."

"ನೀನು ಒಳಗೆ ಹೋಗು."

ಅವಳು ಹೋಗಲಿಲ್ಲ. ಎಂಟು ಫಾರಂಗಳಿಗೆ ಒಟ್ಟಿಗೆ ತೂತು ಹಾಕುವ ಬಿಗಿಯಲ್ಲಿ ದಬ್ಬಳವನ್ನು ಚಕ್ರದ ಮೇಲಿದ್ದ ಆ ಕೈಗೆ ಇಳಿಸಿದಳು. ಆತ ಊಳಿಟ್ಟ. ಎಡಗೈಯಲ್ಲಿ ಬೀಸಿ ಹೊಡೆದ ಏಟಿಗೆ ಅವಳ ತುಟಿ ಒಡೆಯಿತು, ಮೇಜಿಗೆ ಬಡಿದುಕೊಂಡು ಬಿದ್ದಳು. ಏಳುವಾಗ ಅವಳ ಕೈಯಲ್ಲಿ ಪುಸ್ತಕದ ಬೆನ್ನು ಬಡಿಯುವ ಸುತ್ತಿಗೆ ಇತ್ತು.

"ಇನ್ನೊಂದು ಹೆಜ್ಜೆ ಇಟ್ರೆ ತಲೆಗೇ ಹಾಕ್ತೀನಿ."

ಆತ ಅವಳನ್ನು ನೋಡಿದ, ಸುತ್ತಿಗೆಯನ್ನು ನೋಡಿದ. ಹಲ್ಲು ಕಚ್ಚಿ ದಬ್ಬಳ ಕಿತ್ತೆಸೆದ. ರಕ್ತ ಸುರಿಯುವ ಕೈಗೆ ಅಂಟು ಒರೆಸುವ ಬಟ್ಟೆ ಸುತ್ತಿಕೊಂಡ. "ಡಾಕ್ಟರ ಹತ್ರ ಹೋಗಿ ಬರ್ತೀನಿ. ಆಮೇಲೆ ಇದೆ ನಿಮ್ಮಿಬ್ಬರಿಗೂ," ಎಂದು ಬಾಗಿಲು ಒದ್ದು ಹೋದ.

ಅಮ್ಮ ಚಕ್ರವನ್ನು ಹಿಂದಕ್ಕೆ ತಿರುಗಿಸಿದಳು. ಆಮೇಲೆ ರೇಡಿಯೋ ಆರಿಸಿದಳು. ಮಗಳ ಬೆರಳುಗಳು ಊದಿ ನೀಲಿಗಟ್ಟಿದ್ದವು. ಅವಕ್ಕೆ ಒದ್ದೆ ಬಟ್ಟೆ ಸುತ್ತಿ, ನೆಲದ ಮೇಲಿದ್ದ ದಬ್ಬಳವನ್ನು ಒರೆಸಿ, ದಾರ ಪೋಣಿಸಿಕೊಂಡು ಕೂತಳು.

"ಅಮ್ಮಾ, ಅಪ್ಪ ಬಂದುಬಿಡ್ತಾರೆ. ಹೋಗೋಣಮ್ಮ."

"ತಡಿ. ಅಂಟಿಸಿದ್ದನ್ನ ಯಾರು ಬೇಕಾದ್ರೂ ಕೀಳ್ತಾರೆ."

ಮಗಳ ಹಾಳೆಯನ್ನು ಕೊನೆಯ ಫಾರಮಿಗೆ ಸೇರಿಸಿ ಬಿಗಿಯಾಗಿ ಹೊಲಿದಳು. ಇನ್ನು ಅದನ್ನು ತೆಗೆಯಬೇಕೆಂದರೆ ಪುಸ್ತಕವನ್ನೇ ಹರಿಯಬೇಕು. ಪೆನ್ನು ತೆಗೆದುಕೊಂಡು, ಮಗಳ ಸಾಲುಗಳ ಕೆಳಗೆ, ತರಗತಿಯ ಕಾಲಂನಲ್ಲಿ 'ಅಮ್ಮ' ಎಂದು ಬರೆದಳು. ಅಭಿಪ್ರಾಯದ ಕಾಲಂನಲ್ಲಿ ಹೀಗೆ ಬರೆದಳು: ಇದೆಲ್ಲ ನಿಜ. ಪಾತ್ರೆ ತೊಳೆದದ್ದೂ ನಿಜ.

ಅಂಟು ಬಳಿದು ರಟ್ಟು ಕೂರಿಸಿದಳು. ಚಪ್ಪಲಿ ಮೆಟ್ಟಿಕೊಂಡಳು.

"ನಿಮ್ಮ ಲೈಬ್ರರಿ ಮೇಡಂ ಮನೆ ಗೊತ್ತಲ್ಲ ನಿಂಗೆ?"

"ಗೊತ್ತು. ಆದ್ರೆ ಅಂಟು ಒಣಗಿಲ್ವಲ್ಲಮ್ಮ. ಒತ್ತಿ ಇಡದಿದ್ರೆ ರಟ್ಟು ಸೊಟ್ಟಗಾಗುತ್ತೆ."

"ನಡಿ."

ಬಸ್ಸಿನಲ್ಲಿ ಮಗಳು ಬಟ್ಟೆ ಸುತ್ತಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದಳು. ಟಿಕೆಟ್ ಕೇಳಿದ ಕಂಡಕ್ಟರ್ ಅಮ್ಮನ ಒಡೆದ ತುಟಿ ನೋಡಿ ಮುಖ ಪಕ್ಕಕ್ಕೆ ತಿರುಗಿಸಿದ. "ಸ್ವಲ್ಪ ತಡೀರಿ," ಎಂದಳು ಅವಳು. ಪುಸ್ತಕವನ್ನು ಎರಡೂ ಅಂಗೈಗಳ ನಡುವೆ ಇಟ್ಟುಕೊಂಡು, ಬಲವೆಲ್ಲ ಹಾಕಿ ಒತ್ತಿ ಹಿಡಿದಿದ್ದಳು.